ಎಡಗೈಯ ಹೆಣಿಗೆ

"ಮುಟ್ಟಬೇಡಿ ಅದನ್ನ!"

ಬೆನ್ನ ಹಿಂದೆ ಸಿಡಿದ ಗಂಡುದನಿಗೆ ಸಿಂಚನಳ ಕೈಯಲ್ಲಿದ್ದ ಉಲ್ಲನ್ ಉಂಡೆ ಜಾರಿ ಬಿತ್ತು. ಕೆಂಪು ಉಂಡೆ ಉರುಳುತ್ತಾ ಹೋಗಿ, ಬಾಗಿಲಲ್ಲಿ ನಿಂತಿದ್ದವನ ಒದ್ದೆ ಪಾದಕ್ಕೆ ತಾಗಿ ನಿಂತಿತು.

ಆಗಷ್ಟೇ ಹೊಳೆಯಿಂದ ಬಂದಿದ್ದ. ಪಂಚೆಯ ಅಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ನಾನು... ಅಮ್ಮ ಕರೆದಿದ್ರು..."

"ನಾನೇ ಕಣೋ ಅಭಯ್, ಕರೆಸಿದ್ದು," ಎನ್ನುತ್ತಾ ಸರೋಜಮ್ಮ ಅಡುಗೆಮನೆಯಿಂದ ಬಂದರು. "ಬಾಬುರಾಯನಕೊಪ್ಪಲಿನ ಹುಡುಗಿ, ಸಿಂಚನ ಅಂತ. ಉಲ್ಲನ್‌ನಲ್ಲಿ ಏನು ಬೇಕಾದ್ರೂ ಹೆಣೀತಾಳಂತೆ. ರಂಜು ದಿಂಬು ಮುಗಿಸೋಕೆ ಹೇಳಿದೀನಿ."

ಅಭಯ್ ತಾಯಿಯನ್ನು ನೋಡಿದ. ಕಿಟಕಿ ಪಕ್ಕದ ಬೆತ್ತದ ಬುಟ್ಟಿಯನ್ನು ನೋಡಿದ. ಉಂಡೆಯನ್ನು ಬಲಗೈಯಲ್ಲಿ ಎತ್ತಿ ಸಿಂಚನಳಿಗೆ ಕೊಡುವಾಗ, ಅವಳೊಬ್ಬಳಿಗೇ ಕೇಳುವಂತೆ ಅಂದ.

"ದಯವಿಟ್ಟು... ಮುಗಿಸಬೇಡಿ."

ಎಂಥಾ ಮನುಷ್ಯನಪ್ಪಾ! ಮೊದಲು ಮುಟ್ಟಬೇಡಿ ಅಂತಾನೆ, ಆಮೇಲೆ ಮುಗಿಸಬೇಡಿ ಅಂತಾನೆ... ಆದರೆ ಆ ಕಣ್ಣು? ಅತ್ತು ಅತ್ತು ಸುಸ್ತಾದ ಕಣ್ಣಲ್ಲವೇ ಅದು?

ನೋಡಿ, ಮೊದಲ ದಿನವೇ ಹುಡುಗಿ ಕಣ್ಣಿನ ತನಕ ಹೋಗಿಬಿಟ್ಟಳು. ಇದರ ಅರ್ಥ ನಿಮಗೆ ಗೊತ್ತಾಯಿತು, ಪಾಪ, ಅವಳಿಗೆ ಗೊತ್ತಾಗಲಿಲ್ಲ.

ಬುಟ್ಟಿಯಲ್ಲಿದ್ದದ್ದು ಹೃದಯದ ಆಕಾರದ ದಿಂಬಿನ ಒಂದು ಮುಖ. ಕೆಳಗಿನ ಚೂಪಿನಿಂದ ಶುರುವಾಗಿ, ಅಗಲವಾಗುತ್ತಾ ಬಂದು, ಅರ್ಧಕ್ಕೂ ಮೊದಲೇ ನಿಂತಿತ್ತು. ಕೊನೆಯ ಕುಣಿಕೆಯಲ್ಲಿ ಕ್ರೋಶಾ ಕಡ್ಡಿ ಹಾಗೇ ಸಿಕ್ಕಿಕೊಂಡಿತ್ತು.

"ನನ್ನ ಮಗಳು ರಂಜಿತ," ಎಂದರು ಸರೋಜಮ್ಮ. "ಕತ್ತು ನೋಯುತ್ತೆ ಅಂತಿದ್ದೆ. ನಿಂಗೊಂದು ದಿಂಬು ಹೆಣೀತೀನಮ್ಮ ಅಂತ ಕೂತಳು. ಜ್ವರ ಬಂತು. ಆಸ್ಪತ್ರೆಗೆ ಹೋದೋಳು ಬರಲಿಲ್ಲ. ಇದು ಮುಗಿಯೋವರೆಗೂ ಅವಳನ್ನ ನೀರಿಗೆ ಬಿಡಲ್ಲ ಅಂತ ಹೇಳ್ಬಿಟ್ಟಿದೀನಿ."

"ನೀರಿಗೆ ಅಂದ್ರೆ...?"

ಸರೋಜಮ್ಮ ಕಿಟಕಿಯತ್ತ ಕೈ ತೋರಿಸಿದರು.

ಹಿತ್ತಲಿನ ಹೊಂಗೆಮರದ ಕೊಂಬೆಯಲ್ಲಿ, ಬಿಳಿ ಬಟ್ಟೆಯಿಂದ ಬಾಯಿ ಕಟ್ಟಿದ ಸಣ್ಣ ಮಡಕೆಯೊಂದು ತೂಗುತ್ತಿತ್ತು. ಮಧ್ಯಾಹ್ನದ ಬಿಸಿಲು. ಮರದ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಮಡಕೆ ಮಾತ್ರ ಮೆಲ್ಲಗೆ ಅತ್ತಿಂದಿತ್ತ ಆಡುತ್ತಿತ್ತು...

ಅಸ್ಥಿ!

ಎಲ್ಲೆಲ್ಲಿಂದಲೋ ಜನ ಅಸ್ಥಿ ಬಿಡಲು ಪಶ್ಚಿಮವಾಹಿನಿಗೆ ಬರುತ್ತಾರೆ. ಅಲ್ಲಿ ಅವರಿಗೆಲ್ಲ ಮಂತ್ರ ಹೇಳಿ ಬಿಡಿಸುವ ಪುರೋಹಿತ ಈ ಅಭಯ್. ಅವನ ಮನೆಯ ಅಸ್ಥಿ ಇನ್ನೂ ಮರದಲ್ಲೇ ಇತ್ತು.

ಸಿಂಚನಳಿಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು. ಆದರೆ ಆ ತಾಯಿ ಮಗಳ ಹೆಣಿಗೆಯನ್ನು ಸವರುತ್ತಿದ್ದ ರೀತಿ ನೋಡಿ ಏಳಲಾಗಲಿಲ್ಲ. ಅವಳೂ ಹೆಣಿಗೆಯ ಮೇಲೆ ಬೆರಳಾಡಿಸಿದಳು. ಏನೋ ತಿರುಗುಮುರುಗು. ಹೆಣಿಗೆಯ ಕಣ್ಣುಗಳೆಲ್ಲ ಉಲ್ಟಾ ಕಡೆಗೆ ವಾಲಿವೆ, ದಾರದ ತುದಿ ಇರಬೇಕಾದ ಕಡೆ ಇಲ್ಲ.

"ನಿಮ್ಮ ಮಗಳು ಎಡಗೈಯವರಾ ಅಮ್ಮ?"

"ಹೂಂ. ಎಡಚಿ."

"ನನ್ನದು ಬಲಗೈ. ಇದರ ಮೇಲೇ ನಾನು ಹಾಕಿದ್ರೆ ಎದ್ದು ಕಾಣುತ್ತೆ. ಬಿಚ್ಚಿ ಮೊದಲಿಂದ..."

"ಒಂದು ಕಣ್ಣೂ ಬಿಚ್ಚಬೇಡ!"

"ಸರಿ ಅಮ್ಮ, ಬಿಚ್ಚಲ್ಲ. ದಿಂಬಿಗೆ ಎರಡು ಮುಖ ಬೇಕಲ್ಲ, ಹಿಂದಿನ ಮುಖ ನಾನು ಶುರು ಮಾಡ್ತೀನಿ. ಇದನ್ನ ಏನು ಮಾಡೋದು ಅಂತ ಆಮೇಲೆ ನೋಡೋಣ."

ಬುಟ್ಟಿ ಮನೆಯಿಂದ ಆಚೆ ಹೋಗಕೂಡದು, ಅವಳೇ ಬಂದು ಕೂತು ಹೆಣೆಯಬೇಕು ಎಂದಾಯಿತು. ಅವತ್ತು ಸಂಜೆಯೊಳಗೆ ಸಿಂಚನ ದಿಂಬಿನ ಹಿಂದಿನ ಮುಖವನ್ನು ರಂಜಿತ ಹೆಣೆದಿದ್ದ ಮುಖದ ಎತ್ತರಕ್ಕೆ ತಂದು, ತನ್ನದರ ಮೇಲೆ ಇನ್ನೂ ನಾಲ್ಕು ಸಾಲು ಹಾಕಿಟ್ಟು ಹೊರಟಳು.

ಮನೆಯಲ್ಲಿ ಅಜ್ಜಿ ಸರಸಮ್ಮ ಕೇಳಿದ್ದೇ ತಡ, ಎಲೆಯಡಿಕೆ ಉಗಿದು ಬಂತು.

"ಅಯ್ಯೋ, ಆ ಮನೆಗಾ? ಬ್ಯಾಡ ಕಣ್ಮಗಾ! ಒಳೆ ಪಕ್ಕದಲ್ಲೇ ಇದ್ಕಂಡು ಬೂದಿನ ನೀರಿಗ್ ಬುಡ್ದೆ ಮಡೀಕಂಡವ್ರೆ. ಸತ್ತೋಳು ಅರ್ದಕ್ಕೆ ಬುಟ್ಟಿರೋ ಕೆಲ್ಸಕ್ಕೆ ಕೈ ಆಕ್ಬ್ಯಾಡ. ಅವ್ಳೂ ಬಂದು ಜೊತೇಲಿ ಕೂತ್ಕತಳೆ!"

"ಸುಮ್ಕಿರಜ್ಜಿ, ಎದ್ರಿಸ್ಬ್ಯಾಡ," ಎಂದು ನಕ್ಕಳು ಸಿಂಚನ.

ಆ ನಗು ಮುಂದಿನ ಸಲ ಬುಟ್ಟಿ ತೆರೆಯುವವರೆಗೆ ಮಾತ್ರ ಉಳಿಯಿತು.

ರಂಜಿತಳ ಹೆಣಿಗೆ ಬೆಳೆದಿತ್ತು.

ನಾಲ್ಕು ಸಾಲು! ಸಿಂಚನ ತನ್ನದರ ಮೇಲೆ ಹಾಕಿದಷ್ಟೇ! ಅದೂ ಎಡಗೈಯ ಹೆಣಿಗೆ. ಅದೇ ವಾಲು, ಅದೇ ಬಿಗಿ. ಕಡ್ಡಿ ಮೊದಲಿನ ಹಾಗೇ ಕೊನೆಯ ಕುಣಿಕೆಯಲ್ಲಿ ಸಿಕ್ಕಿಕೊಂಡಿತ್ತು.

"ಅಮ್ಮ... ಇದನ್ನ ಯಾರು...?"

ಸರೋಜಮ್ಮ ಬಹಳ ಹೊತ್ತು ನೋಡಿದರು. "ನಾನು ಮುಟ್ಟಿಲ್ಲಮ್ಮ," ಎಂದರು. ತುಟಿಯ ಮೇಲೆ ಸಣ್ಣ ನಗು ಬಂತು. "ಬೆಳೀಲಿ ಬಿಡು."

ಆಮೇಲೆ ಪ್ರತಿಸಲವೂ ಹಾಗೇ ಆಯಿತು. ಇವಳು ಎರಡು ಸಾಲು ಹಾಕಿದರೆ ಅಲ್ಲೂ ಎರಡು. ಇವಳು ಆರು ಹಾಕಿದರೆ ಅಲ್ಲೂ ಆರು. ಒಂದು ಸಾಲು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಡುಮಧ್ಯಾಹ್ನ ಆ ಕೋಣೆಯಲ್ಲಿ ಒಬ್ಬಳೇ ಕೂತು ಹೆಣೆಯುವಾಗ, ಎದುರಿನ ಖಾಲಿ ಕುರ್ಚಿಯಲ್ಲಿ ಯಾರೋ ತನ್ನ ಬೆರಳುಗಳನ್ನೇ ನೋಡುತ್ತಾ ಕೂತಿದ್ದಾರೆ ಅನ್ನಿಸುತ್ತಿತ್ತು.

ಹಾಗಾದರೆ ಯಾಕೆ ಹೋಗುತ್ತಿದ್ದಳು ಅಂತೀರಾ? ಸರೋಜಮ್ಮನಿಗಾಗಿ ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದು ಅರ್ಧ ನಿಜ. ಉಳಿದರ್ಧ, ಹೊಳೆಯಿಂದ ಬಂದವನು ಮಾತಿಲ್ಲದೆ ತಂದಿಡುತ್ತಿದ್ದ ಮಜ್ಜಿಗೆಯ ಲೋಟದಲ್ಲಿತ್ತು.

ಒಂದು ದಿನ ಲೋಟ ಇಟ್ಟವನು ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತ.

"ನಿಮಗೆ ಭಯ ಆಗಲ್ವಾ?" ಎಂದಳು ಸಿಂಚನ. "ಈ ಮನೇಲಿ... ಅವರು ಇನ್ನೂ ಇದ್ದಾರೆ ಅಂತ?"

"ನಮ್ಮ ಹುಡುಗಿಗೆ ನಾನ್ಯಾಕೆ ಹೆದರಲಿ?" ಅವನ ದನಿ ಮೆತ್ತಗಾಯಿತು. "ಸ್ನಾನಘಟ್ಟದಲ್ಲಿ ಕೂತ್ಕೊಂಡು ನೀರಲ್ಲಿ ಕಾಲಾಡಿಸೋಳು. ಛಪ್ ಛಪ್ ಅಂತ. ಮಂತ್ರ ಹೇಳ್ತಿದ್ರೆ ನಂಗೆ ತಪ್ಪಿಹೋಗೋದು. ಬೈತಿದ್ದೆ." ಕಿಟಕಿಯಾಚೆಯ ಮಡಕೆಯತ್ತ ನೋಡಿದ. "ದಿನಾ ಎಲ್ಲರಿಗೂ ಹೇಳ್ತೀನಿ ರೀ, ಬಿಟ್ಟಾಯ್ತು, ತಿರುಗಿ ನೋಡದೆ ಹೋಗಿ ಅಂತ. ನನಗೆ ಮಾತ್ರ ಬಿಡೋಕೆ ಆಗ್ತಿಲ್ಲ. ಆ ದಿಂಬು ಮುಗಿದ ದಿನ ಬಿಡಲೇಬೇಕು."

ಮುಗಿಸಬೇಡಿ ಅಂದದ್ದು ಅದಕ್ಕಾ...! ಸಿಂಚನಳ ಕಣ್ಣು ತುಂಬಿತು. ಅವನು ಹೋದ ಮೇಲೂ ಅವನನ್ನೇ ನೆನೆಯುತ್ತಾ ಹೆಣೆದಳು. ಆ ಗುಂಗಿನಲ್ಲಿ ಸಾಲಿನ ನಡುವೆ ಒಂದು ಕಣ್ಣು ಬಿಟ್ಟುಹೋಗಿ ಸಣ್ಣ ತೂತಾದದ್ದು ಹೊರಡುವಾಗ ಕಂಡಿತು. ನಾಳೆ ಸರಿಮಾಡಿದರಾಯಿತು ಅಂದುಕೊಂಡಳು.

ಮರುದಿನ ಬುಟ್ಟಿ ತೆರೆದಳು. ರಂಜಿತಳ ಹೆಣಿಗೆಯಲ್ಲಿ, ಅದೇ ಸಾಲಿನಲ್ಲಿ, ಅದೇ ಜಾಗದಲ್ಲಿ... ಅದೇ ತೂತು!

ಇದು ಬರೀ ಹೆಣೆಯುವುದಲ್ಲ. ಇದು ನನ್ನನ್ನು ನೋಡುತ್ತಿದೆ! ನಾನು ತಪ್ಪಿದ್ದನ್ನೂ ನೋಡಿದೆ!

ಕಡ್ಡಿ ಎಸೆದು ಓಡಿದಳು. ಅಂಗಳದಲ್ಲಿ ಎದುರಾದ ಅಭಯ್ "ಸಿಂಚನಾ!" ಎಂದು ಕೂಗಿದ್ದೂ ಕೇಳಿಸಲಿಲ್ಲ.

ಅಜ್ಜಿ ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿತು. ಸಿಂಚನ ಮತ್ತೆ ಆ ಕಡೆ ಹೋಗಲಿಲ್ಲ. ಆದರೆ ಕಣ್ಣು ಮುಚ್ಚಿದರೆ ಒಮ್ಮೆ ಆ ತೂತು ಕಾಣುತ್ತಿತ್ತು, ಒಮ್ಮೆ ಬಾಗಿಲಿಗೆ ಒರಗಿ ನಿಂತ ಅವನು. ನಾನು ಹೀಗೆ ಬಿಟ್ಟರೆ ಆ ಮಡಕೆ ಮರದಲ್ಲೇ ಉಳಿದುಬಿಡುತ್ತದೆ. ಆ ತಾಯಿ ಅದನ್ನು ನೋಡುತ್ತಾ ನೋಡುತ್ತಾ ಸವೆದುಹೋಗುತ್ತಾಳೆ. ಅವನೂ...

ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಮತ್ತೆ ಹೊರಟಳು.

ಮುಂಬಾಗಿಲು ಚಿಲಕ ಹಾಕಿತ್ತು. ಹಿತ್ತಲಿಗೆ ಬಂದಳು. ಕಿಟಕಿ ಇದ್ದದ್ದು ಹೊಂಗೆಮರದ ನೇರಕ್ಕೆ. ಮಡಕೆಯ ಕೆಳಗೇ ನಿಂತು ಒಳಗೆ ಇಣುಕಿದಳು.

ಕೋಣೆ ಕತ್ತಲು. ಸರ್... ಸರ್... ಎಂದು ದಾರ ಎಳೆಯುವ ಸದ್ದು. ಕಣ್ಣು ಹೊಂದಿಕೊಂಡಾಗ ಮೊದಲು ಕಂಡದ್ದು ಒಂದು ಕೈ.

ಎಡಗೈ!

ಕೆಂಪು ಹೆಣಿಗೆಯ ಮೇಲೆ ಕಡ್ಡಿ ಹಿಡಿದು ಆಡುತ್ತಿತ್ತು. ಒಂದು ಸಾಲು ಹಾಕಿತು. ಆಮೇಲೆ ದಾರ ಎಳೆದು ಅಷ್ಟನ್ನೂ ಬಿಚ್ಚಿತು. ಮತ್ತೆ ಹಾಕಿತು. ಮತ್ತೆ ಬಿಚ್ಚಿತು. ತಲೆಯ ಮೇಲೆ ಮಡಕೆಯ ಹಗ್ಗ ಕಿರ್ ಎಂದಿತು...

ಆ ಕೈಯ ಹಿಂದೆ ತೋಳು ಕಂಡಿತು. ತೋಳಿನ ಹಿಂದೆ ಬರಿಯ ಎದೆಯ ಮೇಲೊಂದು ಜನಿವಾರ.

"ಅಭಯ್?!"

ಕಡ್ಡಿ ಕೆಳಗೆ ಬಿತ್ತು. ಅವನು ಎದ್ದು ಬಂದು ಹಿತ್ತಲ ಬಾಗಿಲು ತೆಗೆದ. ಕಳ್ಳತನ ಮಾಡಿ ಸಿಕ್ಕಿಬಿದ್ದವನ ಮುಖ.

"ನೀವಾ? ಇಷ್ಟು ದಿನ ನೀವಾ?" ಸಿಂಚನಳ ಹೆದರಿಕೆ ಎಲ್ಲಾ ಸಿಟ್ಟಾಗಿ ಬಂತು. "ನನ್ನ ಹೆದರಿಸಿ ಓಡಿಸೋಕೆ ತಾನೆ? ಮುಗಿಸಬೇಡಿ ಅಂದ್ರಿ, ನಾನು ಕೇಳಲಿಲ್ಲ. ಅದಕ್ಕೆ ಸತ್ತ ತಂಗೀನ ತಂದು ಕೂರಿಸಿದ್ರಾ?"

"ಇಲ್ಲ ರೀ! ದೇವರಾಣೆ ಇಲ್ಲ!"

"ಮತ್ತೆ ಯಾಕೆ?"

"ಮೊದಲ ದಿನ... ಹೊರಗಿನವರೊಬ್ಬರು ಅವಳದನ್ನ ಮುಗಿಸ್ತಾರಲ್ಲ ಅಂತ ಹೊಟ್ಟೆ ಉರೀತು. ಹುಟ್ಟಿನಿಂದ ನಾನೂ ಎಡಚನೇ. ಉಪನಯನ ಆದ ಮೇಲೆ ತಾತ ಬಿಡಲಿಲ್ಲ, ಎಡಗೈಲಿ ಮಂತ್ರಾಕ್ಷತೆ ಕೊಡ್ತೀಯೇನೋ ಅಂತ. ಇದನ್ನ ಕೇಳಿ ರಂಜು ನಗೋಳು. ಬಾರೋ, ನನ್ನ ಹತ್ರ ಆದ್ರೂ ನಿನ್ನ ಕೈ ಬಿಚ್ಚು ಅಂತ ಕಡ್ಡಿ ಹಿಡಿಸಿದ್ಲು. ಅವಳು ಹೋದ ಮೇಲೆ ಆ ಕೈಗೆ ಕೆಲಸಾನೇ ಇರಲಿಲ್ಲ." ಅವನು ತನ್ನ ಎಡಗೈಯನ್ನೇ ನೋಡಿಕೊಂಡ. "ನೀವು ಹಾಕಿದ ನಾಲ್ಕು ಸಾಲು ನೋಡಿದೆ. ನಾನೂ ನಾಲ್ಕು ಹಾಕಿದೆ. ಅವತ್ತು ಅಮ್ಮ ಅದನ್ನ ನೋಡಿ ಹೊಟ್ಟೆತುಂಬ ಊಟ ಮಾಡಿದ್ಲು. ಆಮೇಲೆ... ನೀವು ಎಷ್ಟು ಹಾಕ್ತೀರೋ ಅಂತ ಕಾಯೋಕೆ ಶುರು ಮಾಡ್ದೆ. ಹೊಳೇಲಿ ನಿಂತಾಗಲೂ ಅದೇ ಯೋಚನೆ."

ಸಿಂಚನಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಆ ತೂತು? ನಾನು ತಪ್ಪು ಮಾಡಿದ್ದು. ಅದನ್ನೂ ಯಾಕೆ ಹಾಕಿದ್ರಿ?"

"ನಿಮ್ಮದು ತಪ್ಪಿದ ಕಡೆ ನಂದೂ ತಪ್ಪಬೇಕಲ್ವಾ? ಇಲ್ದಿದ್ರೆ ಅಂಚು ಸೇರಲ್ಲ."

"ಈಗ ಯಾಕೆ ಹಾಕಿ ಹಾಕಿ ಬಿಚ್ತಿದ್ರಿ?"

"ನೀವು ಬರಲಿಲ್ಲ. ನಾನೊಬ್ಬನೇ ಮುಂದೆ ಹೋಗೋದು ಹೇಗೆ?"

ಬಾಗಿಲ ಬಳಿ ಬಳೆ ಸದ್ದಾಯಿತು. ಸರೋಜಮ್ಮ! ಅಭಯ್ ಬೆಚ್ಚಿ ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ, ಚಿಕ್ಕ ಹುಡುಗನ ಹಾಗೆ.

"ಅಮ್ಮ, ನಾನು ನಿನಗೆ ಮೋಸ..."

"ತೋರಿಸೋ ಆ ಕೈನ," ಎಂದರು ಸರೋಜಮ್ಮ. ತಾವೇ ಹಿಡಿದು ಮುಂದಕ್ಕೆ ಎಳೆದುಕೊಂಡರು. "ನಿಮ್ಮ ತಾತನ ಮಾತು ಕೇಳಿ ಊಟಕ್ಕೆ ಕೂತಾಗೆಲ್ಲ ಇದನ್ನ ಸೆರಗಲ್ಲಿ ಕಟ್ಟಿಹಾಕಿದ್ದೋಳು ನಾನು. ನಂಗೆ ಗೊತ್ತಾಗಲ್ವೇನೋ? ರಂಜು ಸಾಲು ಎಲ್ಲಿ ಮುಗೀತು, ನಿಂದು ಎಲ್ಲಿ ಶುರುವಾಯ್ತು, ಕಣ್ಮುಚ್ಚಿ ಹೇಳ್ತೀನಿ."

"ಗೊತ್ತಿದ್ದೂ ಸುಮ್ನಿದ್ಯಾ?"

"ಮಗಳು ಹೋದಳು. ಕಟ್ಟಿಹಾಕಿದ್ದ ಮಗ ವಾಪಸ್ ಬರ್ತಿದ್ದ. ಹೇಗೋ ತಡೀಲಿ?" ಸರೋಜಮ್ಮ ಆ ಎಡಗೈಯನ್ನು ಕಣ್ಣಿಗೊತ್ತಿಕೊಂಡು ಅತ್ತರು. ಆಮೇಲೆ ಸಿಂಚನಳ ಕಡೆ ತಿರುಗಿದರು. "ಮುಗಿಸಿಬಿಡಿ ಮಕ್ಕಳೇ. ಇಬ್ರೂ ಸೇರಿ. ಅವಳಿಗೂ ಕಾದು ಕಾದು ಸಾಕಾಗಿದೆ."

ಆ ಕುರ್ಚಿ ಇನ್ನು ಖಾಲಿ ಇರಲಿಲ್ಲ. ಎದುರುಬದುರು ಕೂತು, ಅವಳು ಬಲಗೈಯಲ್ಲಿ, ಅವನು ಎಡಗೈಯಲ್ಲಿ, ಹೃದಯದ ಎರಡೂ ಉಬ್ಬುಗಳನ್ನು ಮುಗಿಸಿದರು. ಎರಡು ಮುಖಗಳನ್ನು ಬೆನ್ನಿಗೆ ಬೆನ್ನಿಟ್ಟಾಗ ಸಿಂಚನ ಉಸಿರು ಬಿಗಿಹಿಡಿದಳು. ಕಣ್ಣಿಗೆ ಕಣ್ಣು ಕೂತಿತು. ತೂತಿಗೆ ತೂತು ಕೂತಿತು. ಎರಡೂ ಬಲಗೈಯದಾಗಿದ್ದರೆ ಒಂದರ ವಾಲು ಆ ಕಡೆ, ಇನ್ನೊಂದರದು ಈ ಕಡೆ ಹೋಗುತ್ತಿತ್ತು.

ಬೂರುಗದ ಹತ್ತಿ ತುಂಬಿ ಅಂಚು ಹೊಲಿದರು. ಸರೋಜಮ್ಮ ಅದರ ಮೇಲೆ ತಲೆಯಿಟ್ಟು ಬಹಳ ದಿನಗಳ ಮೇಲೆ ನಿದ್ದೆ ಹೋದರು.

ಮರುದಿನ ಬೆಳಿಗ್ಗೆ ಮಡಕೆ ಮರದಿಂದ ಇಳಿಯಿತು.

ಪಶ್ಚಿಮವಾಹಿನಿಯಲ್ಲಿ ಇನ್ನೂ ಮಂಜಿತ್ತು. ಸರೋಜಮ್ಮ ಕೈಮುಗಿದು, ದಿಂಬನ್ನು ಎದೆಗೊತ್ತಿಕೊಂಡು ಮೊದಲೇ ಮೇಲೆ ಹೋದರು. ಸೊಂಟದ ಮಟ್ಟದ ನೀರಿನಲ್ಲಿ ನಿಂತ ಅಭಯ್ ಮಡಕೆಯನ್ನು ನೀರಿಗೆ ಬಿಟ್ಟ. ಬಿಟ್ಟವನು ಅಲ್ಲೇ ನಿಂತುಬಿಟ್ಟ. ಎಲ್ಲರಿಗೂ ಹೇಳುವ ಮಾತನ್ನು ಅವನಿಗೆ ಹೇಳುವವರು ಯಾರಿದ್ದರು?

ಕೊನೆಯ ಮೆಟ್ಟಿಲಲ್ಲಿ ನಿಂತಿದ್ದ ಸಿಂಚನ ಹೇಳಿದಳು. "ಬಿಟ್ಟಾಯ್ತು ಅಭಯ್. ತಿರುಗಿ ನೋಡದೆ ಬನ್ನಿ."

ಅವನು ಬಂದ. ಅವಳನ್ನು ದಾಟಿ ಮೆಟ್ಟಿಲು ಹತ್ತಿದ. ಅವಳು ಹಿಂದೆ ಹೆಜ್ಜೆ ಇಟ್ಟಳು.

ಛಪ್... ಛಪ್...

ನೀರಿನಲ್ಲಿ ಯಾರೋ ಕಾಲಾಡಿಸಿದ ಸದ್ದು!

ಇಬ್ಬರೂ ನಿಂತರು. ಘಟ್ಟದಲ್ಲಿ ಇನ್ನೊಂದು ಪ್ರಾಣಿ ಇರಲಿಲ್ಲ. ಅಭಯ್‌ನ ಕತ್ತು ಇನ್ನೇನು ತಿರುಗಬೇಕು...

"ತಿರುಗಬೇಡಿ," ಎಂದಳು ಪಿಸುದನಿಯಲ್ಲಿ.

"ನಿಮಗೂ ಕೇಳಿಸ್ತಾ?"

"ಹೂಂ. ಆಡ್ಲಿ ಬಿಡಿ. ಅವಳ ಹೊಳೆ."

ಅವನ ಭುಜ ಅಲುಗಿತು. ಅಳುತ್ತಿದ್ದನೋ ನಗುತ್ತಿದ್ದನೋ, ಹಿಂದಿದ್ದವಳಿಗೆ ಗೊತ್ತಾಗಲಿಲ್ಲ.

"ಸಿಂಚನಾ... ತಿರುಗೋ ಹಾಗಿಲ್ಲ. ನೀವು ಹಿಂದೆ ಬರ್ತಿದೀರಾ ಅಂತ ನಂಗೆ ಹೇಗೆ ಗೊತ್ತಾಗೋದು?"

ಕೇಳಿದವನು ತಿರುಗದೆಯೇ ಕೈಯನ್ನು ಹಿಂದಕ್ಕೆ ಚಾಚಿದ. ಎಡಗೈ. ನೀರಿನಿಂದ ತಣ್ಣಗಿತ್ತು.

"ಎಡಗೈ ರೀ. ಇದರಲ್ಲಿ ಏನೂ ಕೊಡಬಾರದು ಅಂತಾರೆ."

ಸಿಂಚನ ತನ್ನ ಬಲಗೈಯನ್ನು ಅದರೊಳಗಿಟ್ಟಳು.

"ನನ್ನ ಕೈಗೆ ಇದೇ ಸರಿಯಾಗಿ ಕೂರೋದು."

"ಬಿಡಲ್ವಲ್ಲ?"

"ಇದನ್ನ ಬಿಡಲ್ಲ. ನಡೀರಿ, ಅಮ್ಮ ಕಾಯ್ತಿದಾರೆ."