ಹೊಳೆಯ ನಡುವೆ ಇಳಿದ ದೊಡ್ಡಮ್ಮ

"ಈ ಗಾಳಿ ಸಂಜೆವರೆಗೂ ಹೀಗೇ ಇರುತ್ತಾ?"

ಅತ್ತಿಗೆ ಕೇಳಿದ್ದು ಯಾರನ್ನೂ ಅಲ್ಲ. ತಗಡಿನ ಶೆಡ್ಡಿನ ಬಾಗಿಲಲ್ಲಿ ನಿಂತು, ಕಂಬದ ತುದಿಯಲ್ಲಿ ಜೋತುಬಿದ್ದಿದ್ದ, ಗಾಳಿಯ ದಿಕ್ಕು ತೋರುವ ಗಾಳಿಚೀಲವನ್ನು ನೋಡುತ್ತ ಕೇಳಿದಳು. ಒಳಗೆ ಮೈದುನ ಆಗಲೇ ವಿಮಾನದ ಚಕ್ರಕ್ಕೆ ಅಡ್ಡವಿಟ್ಟಿದ್ದ ಮರದ ತುಂಡುಗಳನ್ನು ಎಳೆದು ಬಿಸಾಡುತ್ತಿದ್ದ.

ಸುದ್ದಿ ಬಂದು ಬಹಳ ಹೊತ್ತಾಗಿರಲಿಲ್ಲ. ಬೆಟ್ಟಸಾಲಿನ ಆಚೆ ಹೊಳೆಯ ಮಟ್ಟ ಅಳೆಯಲು ಒಬ್ಬನೇ ಹೋಗಿದ್ದ ಅವಳ ಗಂಡ ಬಂಡೆಯಿಂದ ಜಾರಿ ಬಿದ್ದಿದ್ದ. ತೊಡೆಯ ಮೂಳೆ ಮುರಿದಿತ್ತು. ತೆವಳಿಕೊಂಡು ಡೇರೆ ಸೇರಿ, ತಾನೇ ವೈರ್‌ಲೆಸ್ಸಿನಲ್ಲಿ ವಿಷಯ ತಿಳಿಸಿದ್ದ. ಪಾದ ತಣ್ಣಗಾಗುತ್ತಿದೆ ಎಂದು ಕೇಳಿದ ಮೇಲೆ ಆಸ್ಪತ್ರೆಯ ವೈದ್ಯೆ ಸುತ್ತಿಬಳಸಿ ಮಾತಾಡಲಿಲ್ಲ. "ಕತ್ತಲಾಗೋದರೊಳಗೆ ಕರ್ಕೊಂಡು ಬನ್ನಿ. ಆಮೇಲೆ ಕಾಲು ಉಳಿಯಲ್ಲ. ಅವರು ಉಳೀತಾರೆ ಅಂತಾನೂ ನಾನು ಹೇಳೋಕಾಗಲ್ಲ."

ಸೇತುವೆ ಕೊಚ್ಚಿಹೋಗಿತ್ತು. ಹೆಲಿಕಾಪ್ಟರ್ ಬರುವುದು ನಾಳೆ. ಫ್ಲೈಯಿಂಗ್ ಕ್ಲಬ್ಬಿನ ಹೊಸ ವಿಮಾನಗಳಿಗೆ ಮೂಗಿನ ಕೆಳಗೊಂದು ಪುಟ್ಟ ಚಕ್ರ. ಅವನ ಡೇರೆಯಿದ್ದ ಹೊಳೆಯ ಕಲ್ಲುದಿಣ್ಣೆಯಲ್ಲಿ ಇಳಿಸಿದರೆ ಅದು ಮುರಿದು ಮೂತಿ ನೆಲಕ್ಕೆ ಬಡಿಯುವುದು ಖಂಡಿತ. ಉಳಿದದ್ದು ಎಲ್ಲರೂ ದೊಡ್ಡಮ್ಮ ಎನ್ನುವ ಹಳೆಯ ವಿಮಾನ.

ದೊಡ್ಡಮ್ಮ ಅತ್ತಿಗೆಗಿಂತಲೂ ಹಿರಿಯಳು. ಮೈಯೆಲ್ಲ ಬಟ್ಟೆ, ಅದರ ಮೇಲೆ ಮಾಸಿದ ಹಳದಿ ಬಣ್ಣ. ಮುಂದೆ ಎರಡು ದಪ್ಪ ಚಕ್ರ, ಬಾಲದಡಿ ಬೋಂಡಾದಷ್ಟು ಚಿಕ್ಕದೊಂದು. ಮೂಗೆತ್ತಿ, ಬಾಲ ಊರಿ ಕೂತಿರುತ್ತಾಳೆ. ಒಂದರ ಹಿಂದೊಂದು ಎರಡೇ ಸೀಟು. ಸ್ಟಾರ್ಟರ್ ಇಲ್ಲ, ಒಬ್ಬರು ಮುಂದೆ ನಿಂತು ಪಂಖ ತಿರುಗಿಸಬೇಕು. ನೆಲದ ಮೇಲೆ ಕಾಲಿನ ಪೆಡಲು ಒಂದು ಗಳಿಗೆ ಮರೆತರೂ ಗರಗರ ತಿರುಗಿ ಮಾನ ಕಳೆಯುತ್ತಾಳೆ. ಅದಕ್ಕೇ ಅತ್ತಿಗೆಗೆ ಅವಳೆಂದರೆ ಪ್ರಾಣ. ಮಿಕ್ಕ ವಿಮಾನಗಳಲ್ಲಿ ಕೂತು ಹೋಗುತ್ತೇನೆ, ಇದರಲ್ಲಿ ಹಾರುತ್ತೇನೆ ಎನ್ನುತ್ತಿದ್ದಳು.

"ಪೆಟ್ರೋಲ್?" ಹಿಂದಿನ ಸೀಟಿನಿಂದ ಕೂಗಿದಳು.

ದೊಡ್ಡಮ್ಮನ ಮೂಗಿನ ಮೇಲೆ, ಟ್ಯಾಂಕಿನ ಮುಚ್ಚಳದಿಂದ ಒಂದು ತಂತಿ ಮೇಲೆದ್ದು ನಿಂತಿರುತ್ತದೆ. ಒಳಗೆ ಅದರ ಬುಡಕ್ಕೆ ಕಾರ್ಕಿನ ತುಂಡು. ಪೆಟ್ರೋಲ್ ಇಳಿದಂತೆ ತಂತಿಯೂ ಇಳಿಯುತ್ತದೆ.

"ತಂತಿ ನೋಡಿ ಅತ್ತಿಗೆ, ಬೇಕಾದಷ್ಟಿದೆ!"

ಅವನು ಪಂಖ ತಿರುಗಿಸಿ ಓಡಿ ಬಂದು ಮುಂದೆ ಹತ್ತಿದ.

ಊರಿನ ತಗಡುಗಳು ಹಿಂದೆ ಸರಿದವು. ಆಮೇಲೆ ಬರೀ ಕಾಡು, ಹಸಿರಿನ ಮೇಲೆ ಹಸಿರು ಹೇರಿದಂತೆ. ಬೆಟ್ಟಸಾಲು ಅಡ್ಡ ಬಂದಲ್ಲಿ ಅತ್ತಿಗೆ ಹೊಳೆಯನ್ನು ಹಿಡಿದು ದೂರದ ಸುತ್ತುದಾರಿಯಲ್ಲಿ ಹೋದಳು. ನಾಲ್ಕು ಸಿಲಿಂಡರಿನ ಎಂಜಿನ್ನು, ಬಾಯಿಪಾಠ ಒಪ್ಪಿಸುವವರ ಹಾಗೆ, ಉಸಿರು ತಪ್ಪದೆ ಒಂದೇ ಲಯದಲ್ಲಿ ನುಡಿಯುತ್ತಿತ್ತು. ಅವಳು ತುಟಿ ಅಲುಗಿಸದೆ ತನ್ನ ಪ್ರಾರ್ಥನೆಯನ್ನು ಆ ಲಯಕ್ಕೆ ಕೂಡಿಸಿದಳು.

ಕೊನೆಗೂ ಕಲ್ಲುದಿಣ್ಣೆ ಕಂಡಿತು. ಹೊಳೆಯ ನಡುವೆ ಬಿಳಿಯ ಪಟ್ಟಿ, ಒಂದು ತುದಿಯಲ್ಲಿ ಡೇರೆ.

"ಇಷ್ಟೇನಾ ಜಾಗ?" ಮೈದುನನ ದನಿ ಕುಗ್ಗಿತು.

"ಮೇಲೆ ಎಲ್ಲೋ ಮಳೆಯಾಗಿದೆ. ನೀರು ಏರ್ತಾ ಇದೆ. ಗಟ್ಟಿಯಾಗಿ ಹಿಡ್ಕೋ."

ವೇಗ ಇಳಿಸಿದಳು. ಇನ್ನೂ ಇಳಿಸಿದಳು. ರೆಕ್ಕೆ ನಡುಗಿತು.

ಮೂರು ಚಕ್ರವೂ ಒಟ್ಟಿಗೇ ನೆಲ ಮುಟ್ಟಿದವು. ಕಲ್ಲುಗಳು ಸಿಡಿದವು. ಬಾಲ ಬಲಕ್ಕೆ ಎಳೆಯಿತು. ಅವಳ ಕಾಲು ಅದಕ್ಕಿಂತ ಮೊದಲೇ ಪೆಡಲು ಒತ್ತಿತ್ತು. ನೀರಿನ ಅಂಚಿನಲ್ಲಿ ದೊಡ್ಡಮ್ಮ ನಿಂತಳು.

ಗಂಡನ ಮುಖ ಸುಣ್ಣದಂತಿತ್ತು. "ಇದನ್ನೇ ತಂದ್ಯಾ?" ಎಂದ.

"ಏನ್ರೀ, ಪಲ್ಲಕ್ಕಿ ತರಬೇಕಿತ್ತಾ?"

ಡೇರೆಯ ಕೋಲುಗಳನ್ನು ಕಾಲಿಗೆ ಕಟ್ಟಿದರು. ಇಬ್ಬರೂ ಅವನನ್ನು ಎತ್ತಿ, ಕಾಲು ನೀಳವಾಗಿ ಚಾಚುವಂತೆ ಮುಂದಿನ ಸೀಟಿನಲ್ಲಿ ಕೂರಿಸಿದರು. ಅವನು ಕಿರುಚಲಿಲ್ಲ, ಹಲ್ಲು ಕಚ್ಚಿದ ಸದ್ದು ಮಾತ್ರ ಕೇಳಿಸಿತು.

ಪಂಖದ ಕಡೆ ನಡೆದ ಮೈದುನ ತಟ್ಟನೆ ನಿಂತ. ತಂತಿಯನ್ನೇ ನೋಡಿದ. ಮುಚ್ಚಳ ಬಿಚ್ಚಿ ಒಂದು ಒಣ ಕಡ್ಡಿಯನ್ನು ಟ್ಯಾಂಕಿನೊಳಗೆ ಇಳಿಸಿ ತೆಗೆದ. ತುದಿ ಮಾತ್ರ ಒದ್ದೆಯಾಗಿತ್ತು.

"ಅತ್ತಿಗೆ, ಹಿಂದಿನ ಸೀಟಿಂದ ತಂತಿ ಕಾಣಲ್ಲ ಅಂತ ನೀವು ಬೈದಿದ್ರಲ್ಲ... ಹಳೇದಕ್ಕಿಂತ ಎರಡು ಬೆರಳು ಉದ್ದದ ತಂತಿ ಹಾಕಿದೀನಿ. ಹೇಳೋದು ಮರೆತೆ."

"ಅಂದ್ರೆ ಆಗಿನಿಂದ ಅದು ಸುಳ್ಳು ಹೇಳ್ತಾ ಇದೆ."

"ಹೂಂ."

ಬೈಯಲು ಹೊತ್ತಿರಲಿಲ್ಲ. ಬೈದರೆ ಪೆಟ್ರೋಲ್ ಹೆಚ್ಚುವುದೂ ಇಲ್ಲ. ಅವಳು ಬೆಟ್ಟಸಾಲಿನ ಕಡೆ ನೋಡಿದಳು. ಎರಡು ಶಿಖರಗಳ ನಡುವೆ ಕಿರಿದಾದ ಕಣಿವೆಬಾಯಿ.

"ಸುತ್ತಿ ಹೋಗೋಕಾಗಲ್ಲ. ನೇರ ಅಲ್ಲೇ ದಾಟ್ತೀನಿ. ನೀನು?"

"ನಾನು ಆ ಬಂಡೆ ಹತ್ತಿ ರಾಜನ ಹಾಗೆ ಕೂರ್ತೀನಿ," ಎಂದು ನಕ್ಕ. ನೀರು ಆಗಲೇ ಅವನ ಬೂಟು ನೆಕ್ಕುತ್ತಿತ್ತು.

"ನಾನು ಬರ್ತೀನಿ ಕಣೋ. ಬಂಡೆ ಬಿಟ್ಟು ಇಳೀಬೇಡ."

ಮೈದುನ ದೊಡ್ಡಮ್ಮನ ಬಾಲವನ್ನು, ಕೊಚ್ಚಿಬಂದಿದ್ದ ಮರದ ಬೊಡ್ಡೆಗೆ ಹಗ್ಗದಿಂದ ಬಿಗಿದ. ಪಂಖ ತಿರುಗಿಸಿದ. ಎಂಜಿನ್ ಪೂರ್ತಿ ಅಬ್ಬರಿಸಿ ಹಗ್ಗ ತಂತಿಯಂತೆ ಸೆಟೆದಾಗ ಅವಳು ಕೈ ಬೀಸಿದಳು.

ಅವನು ಹಗ್ಗದ ಮೇಲೆ ಚಾಕು ಎಳೆದ.

ದೊಡ್ಡಮ್ಮ ಮುಂದೆ ನೆಗೆದಳು. ಬಾಲ ಎದ್ದಿತು. ದಿಣ್ಣೆ ಮುಗಿಯಿತು. ಚಕ್ರಗಳು ನೀರನ್ನು ಸವರಿ, ಬಿಟ್ಟವು.

ಬೆಟ್ಟ ಹತ್ತಿರವಾದಂತೆ ಬೆಳೆಯುತ್ತ ಹೋಯಿತು. ಬಿಸಿಲು ಬಿದ್ದ ಇಳಿಜಾರಿನಿಂದ ಗಾಳಿ ಮೇಲೇಳುತ್ತಿತ್ತು. ಹಗುರ ರೆಕ್ಕೆ ಅದನ್ನು ಮೊದಲು ಅರಿಯಿತು, ಆಮೇಲೆ ಅವಳ ಬೆನ್ನು. ಮರದ ತುದಿಗಳಿಗೆ ಮೈ ತಾಗುವಷ್ಟು ಹತ್ತಿರ ಜಾರಿಸಿ, ಗಾಳಿ ಎತ್ತಿದಷ್ಟನ್ನೂ ಬಾಚಿಕೊಂಡಳು. ಎಡ ರೆಕ್ಕೆಯ ಪಕ್ಕ ಬಂಡೆ. ಬಲಕ್ಕೂ ಬಂಡೆ. ನಂತರ ತಟ್ಟನೆ ಎದುರಿಗೆ ಬಯಲು, ಬಯಲಿನ ಕೊನೆಗೆ ಊರು.

"ದಾಟಿದ್ವಾ?" ಗಂಡ ಕಣ್ಣು ಮುಚ್ಚಿಯೇ ಕೇಳಿದ.

"ದಾಟಿದ್ವಿ. ಮಾತಾಡ್ತಾ ಇರಿ, ನಿದ್ದೆ ಮಾಡ್ಬೇಡಿ."

"ಅವನು ಅಲ್ಲಿ ಒಬ್ಬನೇ ಇದಾನೆ."

"ಗೊತ್ತು."

ಶೆಡ್ಡಿನ ತಗಡು ಹೊಳೆಯುವುದು ಕಾಣುತ್ತಿದ್ದಾಗ ಎಂಜಿನ್ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ತಂತಿ ಇನ್ನೂ ಎರಡು ಬೆರಳು ಮೇಲೆಯೇ ನಿಂತಿತ್ತು. ಪಂಖ ಮಾತ್ರ ನಿಂತುಹೋಯಿತು.

ಮೌನ. ಗಾಳಿಯ ಸುಯ್ಯೆಂಬ ಸದ್ದು.

ಮೂಗು ಇಳಿಸಿದಳು. ವೇಗ ಬಿಡಲಿಲ್ಲ, ಎತ್ತರದ ಆಸೆ ಬಿಟ್ಟಳು. ರಸ್ತೆ ಸರಿಯಿತು, ಬೇಲಿ ಸರಿಯಿತು, ಬೇಲಿಯಾಚೆಗಿನ ಹುಲ್ಲು ಮೇಲೆದ್ದು ಬಂತು. ದೊಡ್ಡಮ್ಮ ಒಮ್ಮೆ ಪುಟಿದು, ಬಾಲ ಊರಿ, ಉರುಳುತ್ತ ಉರುಳುತ್ತ ನಿಂತಳು.

ಆಂಬುಲೆನ್ಸ್ ಓಡಿಬಂತು. ವೈದ್ಯೆ ಗಂಡನ ಪಾದ ಮುಟ್ಟಿ ನೋಡಿದಳು. ಹೆಬ್ಬೆರಳು ಒತ್ತಿ ಬಿಟ್ಟಳು. ಬಣ್ಣ ನಿಧಾನವಾಗಿ ಮರಳಿತು. "ಹೊತ್ತಿಗೆ ತಂದ್ರಿ. ಕಾಲು ಉಳಿಯುತ್ತೆ," ಎಂದಳು.

ಅತ್ತಿಗೆ ಒಂದೇ ಒಂದು ಉಸಿರು ಬಿಟ್ಟಳು. ಗಂಡನ ಹಣೆ ಸವರಿದಳು. ಆಮೇಲೆ ಪೆಟ್ರೋಲ್ ಹಾಕುವಾತನನ್ನು ಕೂಗಿ ಕರೆದು, ಟ್ಯಾಂಕ್ ಬಾಯಿವರೆಗೂ ತುಂಬುವುದನ್ನು ಕಣ್ಣಾರೆ ನೋಡಿ, ಹಿಂದಿನ ಸೀಟಿಗೆ ಹತ್ತಿದಳು. ಗಾಳಿಚೀಲ ಅಲುಗಿರಲಿಲ್ಲ. ಬಿಸಿಲು ಇನ್ನೂ ಬೆಟ್ಟದ ಮೇಲಿತ್ತು.

ಕ್ಲಬ್ಬಿನ ಕಾರ್ಯದರ್ಶಿ ಏದುಸಿರು ಬಿಡುತ್ತ ಬಂದು ರೆಕ್ಕೆಯ ಆಸರೆಕೋಲು ಹಿಡಿದುಕೊಂಡರು.

"ಸಾಕಮ್ಮ, ಇವತ್ತಿಗೆ ಇಷ್ಟು ಸಾಕು. ಮೈದುನನ್ನ ನಾಳೆ ಹೆಲಿಕಾಪ್ಟರಿನವರು ಕರ್ಕೊಂಡು ಬರ್ತಾರೆ. ಕೈ ಮುಗಿದು ಕೇಳ್ಕೋತೀನಿ, ಕೆಳಗಿಳೀರಿ."

ಅವಳು ಸೊಂಟದ ಬೆಲ್ಟು ಬಿಗಿದುಕೊಂಡಳು.

"ಇಳಿಯಲ್ಲ."