ಬ್ರೇಕು ಹಿಡಿದ ಕೈ

ದೆವ್ವದ ಮಾತಾಡುವ ವಿದ್ಯಾವಂತರನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಆದರೆ ಕಂಡದ್ದನ್ನು ಬಚ್ಚಿಡುವುದೂ ಸುಳ್ಳೇ ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಆಸ್ಪತ್ರೆಯ ಕೆಲಸಕ್ಕೆ ಹೋಗುವ ನನ್ನ ಮಗಳ ಎಲೆಕ್ಟ್ರಿಕ್ ಸೈಕಲ್ಲು ಸೇತುವೆಯ ಏರಿನಲ್ಲಿ ಮಾತ್ರ ಕೈಕೊಡುತ್ತಿತ್ತು. ಎಷ್ಟು ತುಳಿದರೂ ಮೋಟಾರು ನೆರವಾಗುತ್ತಿರಲಿಲ್ಲ. ತಡವಾಗಿ ತಡವಾಗಿ ಅವಳ ಕೆಲಸಕ್ಕೇ ಕುತ್ತು ಬಂದಿತ್ತು.

"ಬ್ರೇಕ್ ಹಿಡಿದ್ರೆ ಮೋಟಾರ್ ನಿಲ್ಲುತ್ತೆ, ಮೇಷ್ಟ್ರೇ. ಮಗಳು ಹೆದರಿ ಹಿಡ್ಕೊಂಡಿರ್ತಾಳೆ," ಎಂದ ಮೆಕ್ಯಾನಿಕ್.

"ನಿನ್ನ ಕೆಲಸದ ತಪ್ಪನ್ನ ಅವಳ ತಲೆಗೆ ಕಟ್ಟಬೇಡಯ್ಯ! ಬಾ, ನಾನೇ ತುಳೀತೀನಿ."

ಹಾಡಹಗಲಲ್ಲಿ ಮಗಳೂ ಸೇರಿ ಮೂವರೂ ಏರಿಗೆ ಹೋದೆವು. ಮೆಕ್ಯಾನಿಕ್ ಬ್ರೇಕಿನಿಂದ ಮೋಟಾರಿಗೆ ಹೋಗುವ ತಂತಿಯನ್ನೇ ಕಳಚಿಟ್ಟ. ಆದರೂ ನಡು ಏರಿನಲ್ಲಿ ಮೋಟಾರು ನಿಂತಿತು, ಹ್ಯಾಂಡಲಿನ ಪುಟ್ಟ ಪರದೆಯ ಮೇಲೆ ಬ್ರೇಕಿನ ಗುರುತು ಹೊತ್ತಿತು. ನಾನು ಮುಟ್ಟದ ಎಡಗಡೆಯ ಬ್ರೇಕು ಮೆಲ್ಲನೆ ಒಳಕ್ಕೆ ಅದುಮಿಕೊಂಡಿತು. ಬಿಡಿಸಹೋದರೆ ಲೋಹ ಮಗುವಿನ ಕೈಯಂತೆ ಬೆಚ್ಚಗಿತ್ತು.

"ಯಾರದು? ಕೈ ತೆಗಿ!" ಎಂದು ತರಗತಿಯ ರೂಢಿಯಲ್ಲಿ ಗದರಿದೆ. ಬ್ರೇಕು ತಟ್ಟನೆ ಬಿಟ್ಟುಕೊಂಡಿತು.

ಈಗ ಮಗಳು ಆ ಏರಿನಲ್ಲಿ, "ಅಪ್ಪನಿಗೆ ಹೇಳ್ತೀನಿ ನೋಡು," ಎಂದರೆ ಸಾಕಂತೆ, ಸೈಕಲ್ಲು ಮುಂದೆ ಹೋಗುತ್ತದೆ.

ನಾನು ಯಾವ ಮಗುವಿನ ಮೇಲೂ ಎಂದೂ ಕೈಯೆತ್ತಿದವನಲ್ಲ. ಆ ಕೈ ನನಗೇಕೆ ಹೆದರುತ್ತದೆಯೋ ತಿಳಿಯದು.