ಕೆಂಗುಡ್ಡದ ಮೂರು ಗಂಟಿನ ಕೋಲು

ಬಹಳ ಹಿಂದೆ, ಗುಡ್ಡಗಳಿಗೆ ಇನ್ನೂ ಪೂರ್ತಿ ಬೆನ್ನು ಬಂದಿರದ ಕಾಲದಲ್ಲಿ, ಕೆಮ್ಮಣ್ಣೂರು ಎಂಬ ರಾಜ್ಯವಿತ್ತು. ಅದಕ್ಕೊಬ್ಬ ರಾಜನೂ ಇದ್ದ. ಈ ಕತೆಯಲ್ಲಿ ಅವನಿಗೆ ಕೆಲಸವಿಲ್ಲ, ಅರಮನೆಯಲ್ಲಿ ಊಟ ಮಾಡಿಕೊಂಡಿರಲಿ.

ಅಲ್ಲಿ ಹಳ್ಳದ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಚಿನ್ನದ ಪುಡಿ ತೆಗೆಯುವವರನ್ನು ಜಾಲಗಾರರು ಎನ್ನುತ್ತಿದ್ದರು. ಜಾಲಗಾರ ಕೆಂಚಪ್ಪ ಒಂದು ಮಧ್ಯಾಹ್ನ ಹಳ್ಳದ ದಂಡೆಯಲ್ಲಿ ಮಲಗಿದ್ದ. ತುಕ್ಕನಾಥನೆಂಬ ಮಂತ್ರವಾದಿ ಬಂದು, "ಚಿನ್ನ ಎಲ್ಲಿದೆ?" ಎಂದು ಕೇಳಿದ. ಕೆಂಚಪ್ಪನಿಂದ ಗೊರಕೆ ಬಂತು. ಎರಡನೇ ಸಲ ಕೇಳಿದ, ಗೊರಕೆ. ಮೂರನೇ ಸಲವೂ ಗೊರಕೆ. ತುಕ್ಕನಾಥ ಸಿಟ್ಟಾಗಿ, ಮಲಗಿದ್ದವನನ್ನು ಮಲಗಿದ್ದಂತೆಯೇ ಲೋಹ ಮಾಡಿ ಕೆಂಗುಡ್ಡದಲ್ಲಿ ಹೂತುಬಿಟ್ಟ.

ಕೆಂಚಪ್ಪನ ಹೆಂಡತಿ ಗಾಳೆವ್ವ ಮಂತ್ರವಾದಿಯ ಗುಹೆಗೆ ಹೋದಳು.

"ಬಿಡುಗಡೆಯ ಬಾಗಿಲಿಲ್ಲದ ಮಂತ್ರ ನಿಲ್ಲುವುದಿಲ್ಲ, ಆದ್ದರಿಂದ ಹೇಳುತ್ತೇನೆ," ಎಂದ ತುಕ್ಕನಾಥ. "ಮೂರನೇ ದಿನ ಸೂರ್ಯ ಮುಳುಗುವುದರೊಳಗೆ ನಿನ್ನ ಗಂಡನನ್ನು ತಂದು ನನ್ನ ಅಂಗೈಯಲ್ಲಿ ಇಡು. ಸರಿಯಿದ್ದರೆ ನನ್ನ ಮಂತ್ರವೆಲ್ಲ ಬಿಚ್ಚಿ ನಾನೇ ಲೋಹವಾಗುತ್ತೇನೆ. ಬೇರೆಯದನ್ನು ಇಟ್ಟರೆ ನೀನೂ ಅವನ ಪಕ್ಕದಲ್ಲೇ. ಒಂದೇ ಸಲ, ಒಂದೇ ವಸ್ತು."

ಗಾಳೆವ್ವ ಮನೆಗೆ ಬಂದಳು. ಅತ್ತೆ ಅಟ್ಟದಿಂದ ಒಂದು ಕೋಲು ಇಳಿಸಿದಳು. ಅದಕ್ಕೆ ಮೂರು ಗಂಟು, ತುದಿಯಲ್ಲೊಂದು ಬಳೆ.

"ಮೊದಲ ಗಂಟು ತಿರುವಿದರೆ ನೆಲದೊಳಗಿನ ಎಲ್ಲ ಲೋಹವೂ ಇದಕ್ಕೆ ಕೇಳುತ್ತೆ," ಎಂದಳು ಅತ್ತೆ. "ಎರಡನೆಯದು ತಿರುವಿದರೆ ಕಬ್ಬಿಣಕ್ಕೆ ಕಿವುಡು. ಚಿನ್ನ, ಬೆಳ್ಳಿ, ತಾಮ್ರ ಮಾತ್ರ ಕೇಳುತ್ತೆ. ಮೂರನೆಯದು ತಿರುವಿ ಅಲುಗಿಸದೆ ಹಿಡಿದರೆ, ಬಳೆಯ ಕೆಳಗೆ ನೇರವಾಗಿ ಏನಿದೆಯೋ ಅದೊಂದರ ದನಿ."

"ತಗೊಂಡು ಹೋಗಿ ಬೀಸಲಾ?"

"ಅವಸರ ಯಾಕೆ. ಆ ಕೆಂಪು ಮಣ್ಣು ತಾನೇ ಗೊಣಗುತ್ತೆ. ಏನೂ ಇಲ್ಲದ ಜಾಗದಲ್ಲಿ ಕೋಲನ್ನು ಮೇಲೆ ಕೆಳಗೆ ಆಡಿಸಿ, ಮಣ್ಣಿನ ಗೊಣಗು ಅದಕ್ಕೆ ರೂಢಿಯಾಗೋ ತನಕ ಕಾಯಿ. ಕಾಲುಂಗುರ ಬಿಚ್ಚಿಡು, ಇಲ್ಲದಿದ್ದರೆ ದಿನವಿಡೀ ನಿನ್ನ ಕಾಲನ್ನೇ ಅಗೀತೀಯ."

ಮೊದಲ ದಿನ ಗಾಳೆವ್ವ ಮೊದಲ ಗಂಟು ತಿರುವಿದಳು. ಗುಡ್ಡವನ್ನು ಕಬ್ಬಿಣದ ಮುಳ್ಳುಗಳ ಒಂದು ಮುಳ್ಳುಹಂದಿ ಕಾಯುತ್ತಿತ್ತು. ಅದು ಹತ್ತಿರ ಸುಳಿದಾಗಲೆಲ್ಲ ಕೋಲು ಕೂಗಿತು.

"ಎಲ್ಲಾದರೂ ದೂರ ಹೋಗಿ ಮೇಯಬಾರದಾ?" ಎಂದಳು ಗಾಳೆವ್ವ.

"ನನಗೆ ಸಂಬಳ ಇದಕ್ಕೇ," ಎಂದಿತು ಮುಳ್ಳುಹಂದಿ.

ಟುಂಯ್ ಎಂದಲ್ಲೆಲ್ಲ ಅಗೆದಳು. ಬಂದದ್ದು ಮೊಳೆ. ಮತ್ತೆ ಟುಂಯ್, ಮತ್ತೆ ಮೊಳೆ. ಹುಣಸೆಮರದ ಬುಡದಲ್ಲಿ ಮಾತ್ರ ಕೋಲು ಗೊರ್ರ್ ಎಂದಿತು. "ಇದಕ್ಕೂ ಶೀತವಾಯಿತು," ಎಂದು ಕೋಲಿಗೊಂದು ಏಟು ಕೊಟ್ಟು ಅಗೆದಳು. ಅಲ್ಲೂ ಮೊಳೆಯೇ. ಎಲ್ಲವನ್ನೂ ಬೈದು ಬೈದು ಒಂದು ಕಡೆ ಎಸೆದಳು. ಸೂರ್ಯ ಮುಳುಗಿದಾಗ ನೂರಾರು ಮೊಳೆಗಳ ಗುಡ್ಡೆಯಾಗಿತ್ತು.

"ಮೊಳೆ ಯಾಕೆ ಅಗೀತೀಯೇ," ಎಂದು ಅತ್ತೆ ಗದರಿದಳು. "ನನ್ನ ಮಗ ಅಪ್ಪಟ ಬಂಗಾರ. ಎರಡನೇ ಗಂಟು ತಿರುವು."

ಎರಡನೇ ದಿನ ಎರಡನೇ ಗಂಟು. ಮೊಳೆಗಳ ಸದ್ದೇ ಇಲ್ಲ. ಮುಳ್ಳುಹಂದಿ ಕಾಲ ಬಳಿ ಬಂದು ಕುಣಿದರೂ ಕೋಲು ಮೌನ. ಸಂಜೆಯೊಳಗೆ ಒಂದು ತಾಮ್ರದ ತಂಬಿಗೆ, ಒಂದು ಬೆಳ್ಳಿ ಗಿಂಡಿ, ಒಂದು ಚಿನ್ನದ ದೀಪ ಸಿಕ್ಕವು. ಅತ್ತೆ ದೀಪವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸಿದಳು.

"ಮೂಗು ನೋಡು, ಥೇಟ್ ಕೆಂಚಪ್ಪನೇ. ಇದನ್ನೇ ಆ ಮಂತ್ರವಾದಿಯ ಕೈಗೆ ಕೊಡು."

ಗಾಳೆವ್ವ ದೀಪವನ್ನೇ ನೋಡುತ್ತ ಕೂತಳು. "ಅತ್ತೆ, ಒಂದು ಮಾತು. ತುಕ್ಕನಾಥನಿಗೆ ಮನುಷ್ಯನನ್ನು ಚಿನ್ನ ಮಾಡೋಕೆ ಬರೋದಾದರೆ, ನಮ್ಮ ಹಳ್ಳಕ್ಕೆ ಬಂದು ಚಿನ್ನ ಎಲ್ಲಿ ಅಂತ ಯಾಕೆ ಕೇಳುತ್ತಿದ್ದ?"

ಅತ್ತೆ ದೀಪವನ್ನು ತೊಡೆಯಿಂದ ಕೆಳಗಿಟ್ಟಳು.

"ಸಿಟ್ಟಾಗಬೇಡಿ. ನಿಮ್ಮ ಮಗ ಬಂಗಾರ ಅಲ್ಲ, ಕಬ್ಬಿಣ. ನಾನೇ ಅಗೆದು, ನಾನೇ ಬೈದು, ನಾನೇ ಎಸೆದಿದ್ದೇನೆ."

ಮೂರನೇ ದಿನ ಇಬ್ಬರೂ ಗುಡ್ಡಕ್ಕೆ ಹೋದರು. ಗಾಳೆವ್ವ ಮೊಳೆಗಳನ್ನು ಒಂದೊಂದು ಮೊಳ ದೂರಕ್ಕೆ ಸಾಲಾಗಿ ಮಲಗಿಸಿದಳು. ಅಗೆಯುವ ಹಾರೆಯನ್ನು ಆಚೆ ದಿಣ್ಣೆಯ ಮೇಲಿಟ್ಟಳು. ಮುಳ್ಳುಹಂದಿ ಸಾಲಿನ ನಡುವೆ ನುಗ್ಗಲು ಬಂದಾಗ ಅತ್ತೆ ಮಡಿಲಿನಿಂದ ಗೆಣಸು ತೆಗೆದಳು.

"ಸುಟ್ಟಿದ್ದಾ, ಹಸಿಯಾ?" ಎಂದಿತು ಮುಳ್ಳುಹಂದಿ.

"ಹಸಿ. ಆ ಬಂಡೆಯ ಹಿಂದೆ ಇನ್ನೂ ಒಂದು ಬುಟ್ಟಿ ಇದೆ."

ಸಂಬಳದ ಮಾತು ಅಲ್ಲಿಗೆ ಮುಗಿಯಿತು.

ಗಾಳೆವ್ವ ಮೂರನೇ ಗಂಟು ತಿರುವಿ, ಪ್ರತಿ ಮೊಳೆಯ ಮೇಲೂ ಕೋಲನ್ನು ಅಲುಗಿಸದೆ ಹಿಡಿದಳು. ಟುಂಯ್. ಟುಂಯ್. ಟುಂಯ್. ನೆರಳು ಉದ್ದವಾಯಿತು. ಕೈ ಸೋತಿತು. ಕೊನೆಯ ಸಾಲಿಗೆ ಬಂದಾಗ ಸೂರ್ಯ ಗುಡ್ಡದ ಅಂಚಿಗೆ ತಾಗಿದ್ದ. ಅಲ್ಲೊಂದು ತಲೆ ಸೊಟ್ಟಗಿದ್ದ ಮೊಳೆ. ಕೋಲು ಹಿಡಿದಳು.

ಗೊರ್ರ್.

ಇನ್ನೊಮ್ಮೆ ಹಿಡಿದಳು. ಗೊರ್ರ್, ಕೊನೆಗೊಂದು ಸಣ್ಣ ಸಿಳ್ಳೆ.

ಓಡಿ ಹೋಗಿ ಅದನ್ನು ತುಕ್ಕನಾಥನ ಅಂಗೈಯಲ್ಲಿಟ್ಟಳು. ಅವನು ಹುಬ್ಬೇರಿಸಿದ.

"ಇಷ್ಟು ಮೊಳೆಗಳಲ್ಲಿ ಇದೇ ಅಂತ ಖಾತ್ರಿಯೇ?"

"ಹನ್ನೊಂದು ವರ್ಷ ಪಕ್ಕದಲ್ಲಿ ಮಲಗಿದ್ದೇನೆ," ಎಂದಳು ಗಾಳೆವ್ವ.

ತುಕ್ಕನಾಥ ಸಣ್ಣಗಾದ, ಗಟ್ಟಿಯಾದ, ಟಣ್ ಎಂದು ನೆಲಕ್ಕೆ ಬಿದ್ದ. ಮುಳ್ಳುಹಂದಿಯ ಮುಳ್ಳು ಬರೀ ಮುಳ್ಳಾದವು. ಅತ್ತ ಗುಡ್ಡದಲ್ಲಿ ಸಾಲಾಗಿ ಮಲಗಿದ್ದ ಮೊಳೆಗಳೆಲ್ಲ ಮನುಷ್ಯರಾಗಿ, ಎಸೆದಾಗ ಪೆಟ್ಟಾದ ಜಾಗ ಉಜ್ಜಿಕೊಳ್ಳುತ್ತ ಎದ್ದು ಕೂತವು. ಯಾರನ್ನು ಎಷ್ಟು ಬೈದಿದ್ದೆ ಎಂದು ಗಾಳೆವ್ವನಿಗೆ ನೆನಪಿರಲಿಲ್ಲ. ಅವರಿಗೆ ಚೆನ್ನಾಗಿ ನೆನಪಿತ್ತು.

ಕೆಂಚಪ್ಪ ಗುಹೆಯ ಬಾಗಿಲಲ್ಲಿ ಒಂದು ಕಣ್ಣು ತೆರೆದ. "ಬೆಳಗಾಯಿತಾ?"

"ಮೂರು ಸಲ ಆಯಿತು. ಏಳು ಮಾರಾಯಾ," ಎಂದಳು ಗಾಳೆವ್ವ. ಕೋಲು ಅವಳ ಕೈಯಿಂದ ಜಾರಿತು. ಅಲ್ಲೇ ಕೂತು ಅವನ ಸೊಟ್ಟ ತಲೆಗೂದಲನ್ನು ಸರಿಮಾಡಿದಳು.

ಅತ್ತೆ ಏದುಸಿರು ಬಿಡುತ್ತ ಬಂದಳು. "ಮಲಗಲಿ ಬಿಡೇ, ಪಾಪ, ಸುಸ್ತಾಗಿದ್ದಾನೆ."

ತಂಬಿಗೆ, ಗಿಂಡಿ, ದೀಪ ಮಾರಿ ಊರಿಗೆಲ್ಲ ಹೋಳಿಗೆ ಹಾಕಿಸಿದರು. ತುಕ್ಕನಾಥನನ್ನು ಗೋಡೆಗೆ ಹೊಡೆದು ಅವನಿಗೆ ಮರಿಗೆ ತೂಗುಹಾಕಿದರು. ಒದ್ದೆ ಮರಿಗೆ, ಅವನು ದಿನವೂ ಒಂದಿಷ್ಟು ತುಕ್ಕು ಹಿಡಿದ. ಕೆಂಚಪ್ಪ ಗೊರಕೆ ಹೊಡೆದ, ಗಾಳೆವ್ವ ಆ ಸದ್ದಿನ ಪಕ್ಕದಲ್ಲೇ ಸುಖವಾಗಿ ನಿದ್ದೆ ಮಾಡಿದಳು. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಎರಡನೇ ಸಾಲಿನ ಏಳನೇ ಮೊಳೆ ನಾನೇ. ನನ್ನ ತಲೆ ಇವತ್ತಿಗೂ ಚಪ್ಪಟೆ.